ಕುಕ್ಕರ್ ವಿಷಲ್ ಮತ್ತು ಇನ್ಸುಲಿನ್ ಜೆಲ್

ಪ್ರಶ್ನೆ: ನನ್ನ ಅಮ್ಮನಿಗೆ 63 ವರ್ಷ. ಹಾಸನದ ಹತ್ತಿರ ಹಳ್ಳಿಯಲ್ಲಿದ್ದಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ ಮಾತ್ರೆ ತಗೊಳ್ಳುತ್ತಾರೆ, ಜೊತೆಗೆ ದಿನಕ್ಕೆ ಮೂರು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಇನ್ಸುಲಿನ್ ಪಂಪ್ ವಿಚಾರಿಸಿದೆವು, ಬೆಲೆ ಕೇಳಿ ಸುಮ್ಮನಾದೆವು. ಕರೆಂಟು ಹೋಗಿ ಬರುವ ಊರು, ಚಾರ್ಜ್ ಮಾಡುವ ಸಾಮಾನು ಅಂದರೆ ಅಮ್ಮನಿಗೂ ಭಯ. ಬ್ಯಾಟರಿ, ಚಿಪ್ ಏನೂ ಇಲ್ಲದೆ, ಸಕ್ಕರೆ ಏರಿದಾಗ ತಾನೇ ಇನ್ಸುಲಿನ್ ಬಿಡುವ ಜೆಲ್ ಬಂದಿದೆ ಎಂದು ಓದಿದೆ. ನಿಜವೇ? ಅದಕ್ಕಾಗಿ ಕಾಯಬಹುದೇ? ಇನ್ನೊಂದು ಮಾತು, ಕೇಳಲು ಮುಜುಗರ. ಅಮ್ಮನ ಮಾತ್ರೆ ಕೆಲವೊಮ್ಮೆ ಮಲದಲ್ಲಿ ಮೆತ್ತಗಿನ ಉಂಡೆಯಾಗಿ ಹಾಗೇ ಕಾಣುತ್ತದಂತೆ. ಔಷಧಿ ಮೈಗೆ ಹತ್ತುತ್ತಿಲ್ಲವೇ?

ಉತ್ತರ: ಮುಜುಗರದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನೀವು ಕೇಳಿರುವುದು ಎರಡಲ್ಲ, ಒಂದೇ ಪ್ರಶ್ನೆ. ಬ್ಯಾಟರಿ ಇಲ್ಲದೆ ಔಷಧಿ ಬಿಡುವ ಸಾಧನ ಎಲ್ಲಿದೆ ಎಂದು ಹುಡುಕುತ್ತಿದ್ದೀರಿ. ಅದನ್ನು ನಿಮ್ಮ ಅಮ್ಮ ದಿನಾ ಊಟದ ಜೊತೆ ನುಂಗುತ್ತಿದ್ದಾರೆ.

ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಏನಾಗುತ್ತದೆ ನೋಡಿದ್ದೀರಿ ಅಲ್ವಾ? ಬೀಜದ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಎಸ್‌ಆರ್, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆಗಳಲ್ಲಿ ಬಹುತೇಕ ಇದೇ ಉಪಾಯ. ಸಸ್ಯದ ನಾರಿನಿಂದ ತಯಾರಿಸಿದ ಹೈಪ್ರೊಮೆಲೋಸ್ ಎಂಬ ಪುಡಿಯನ್ನು ಔಷಧಿಯ ಜೊತೆ ಬೆರೆಸಿ ಒತ್ತಿರುತ್ತಾರೆ. ಹೊಟ್ಟೆಯ ನೀರು ತಾಗಿದ ಕೂಡಲೇ ಅದು ಉಬ್ಬಿ ಲೋಳೆಯಾಗುತ್ತದೆ. ಮೆಟ್‌ಫಾರ್ಮಿನ್ ಆ ಲೋಳೆಯನ್ನು ದಾಟಿ ಹೊರಬರಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಔಷಧಿ ಎಲ್ಲ ಹೋದ ಮೇಲೂ ಲೋಳೆಯ ಉಂಡೆ ಕೆಲವೊಮ್ಮೆ ಉಳಿಯುತ್ತದೆ. ನಿಮ್ಮ ಅಮ್ಮ ನೋಡಿದ್ದು ಅದನ್ನೇ. ಒಳಗಿನ ಸಾಮಾನು ಇಳಿಸಿ ಆದ ಮೇಲಿನ ಖಾಲಿ ಚೀಲ ಅದು. ಸಕ್ಕರೆಯ ಅಳತೆ ಹತೋಟಿಯಲ್ಲಿದ್ದರೆ ಗಾಬರಿ ಬೇಡ. ಅಳತೆ ಏರುತ್ತಿದ್ದರೆ, ಅಥವಾ ಭೇದಿಯಾಗಿ ಮಾತ್ರೆ ಬೇಗನೆ ಹೊರಬರುತ್ತಿದ್ದರೆ, ಡಾಕ್ಟರಿಗೆ ಹೇಳಿ.

ಈ ಜಾತಿಯ ಇನ್ನೂ ಚುರುಕಾದ ಮಾತ್ರೆಗಳಿವೆ. ಮಾವಿನಮಿಡಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದೆ. ಉಪ್ಪು ಹೊರಗಿದೆ, ನೀರನ್ನು ತನ್ನ ಕಡೆ ಎಳೆಯುತ್ತದೆ. ಇದನ್ನೇ ತಿರುಗಿಸಿ ಯೋಚಿಸಿ. ಉಪ್ಪು ಒಳಗೆ, ನೀರು ಹೊರಗೆ. ನಡುವೆ ನೀರನ್ನು ಮಾತ್ರ ಬಿಡುವ ತೆಳು ಪದರ. ನೀರು ಒಳಗೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಪದರಕ್ಕೆ ಲೇಸರ್‌ನಿಂದ ಒಂದೇ ಒಂದು ಸಣ್ಣ ತೂತು ಕೊರೆದಿದ್ದರೆ ಔಷಧಿ ಅಲ್ಲಿಂದ ಒಂದೇ ವೇಗದಲ್ಲಿ ಹೊರಗೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ರೋಸ್ ಮತ್ತು ನೆಲ್ಸನ್ ಎಂಬಿಬ್ಬರು 1955ರಲ್ಲಿ ಇಂಥ ಪಂಪ್ ಮಾಡಿದ್ದು ಮನುಷ್ಯರಿಗಲ್ಲ, ಕುರಿ ಮತ್ತು ದನಗಳ ಹೊಟ್ಟೆಗೆ. 1975ರಲ್ಲಿ ಅಮೆರಿಕದ ಆಲ್ಜಾ ಕಂಪನಿಯ ಫೆಲಿಕ್ಸ್ ಥೇವ್ಸ್ ಅದನ್ನು ಒಂದು ಮಾತ್ರೆಯ ಮಟ್ಟಕ್ಕೆ ಇಳಿಸಿದರು. ಬಿಪಿಯ ನಿಫೆಡಿಪಿನ್ ಈ ರೂಪದಲ್ಲಿ 1989ರಲ್ಲಿ ಅಮೆರಿಕದ ಅಂಗಡಿಗೆ ಬಂತು. ಹೊಟ್ಟೆ ಹುಳಿಯಾಗಿರಲಿ ಬಿಡಲಿ, ಮಾತ್ರೆಯ ವೇಗ ಬದಲಾಗುವುದಿಲ್ಲ. ಇದರ ಚಿಪ್ಪು ಗಟ್ಟಿ. ಹೋದ ಹಾಗೇ ಹೊರಬರುತ್ತದೆ.

ನಾನು ಕೆಲಸ ಕಲಿತದ್ದು ಈ ತೂತಿನ ಮಾತ್ರೆಗಳ ಮೇಲೆ. ಒಮ್ಮೆ ಒಂದು ಸಣ್ಣ ಬ್ಯಾಚ್‌ನಲ್ಲಿ ಕೆಲವು ಮಾತ್ರೆಗೆ ತೂತು ಕೊರೆಯುವುದೇ ತಪ್ಪಿಹೋಗಿತ್ತು. ತಪ್ಪು ನನ್ನದೇ. ಔಷಧಿ ನೀರಿಗೆ ಎಷ್ಟು ಬೇಗ ಬರುತ್ತದೆ ಎಂದು ನೋಡುವ ಡಿಸಲ್ಯೂಷನ್ ಟೆಸ್ಟಿಗೆ ಹಾಕಿದಾಗ ಅವು ಸುಮ್ನೆ ಕೂತಿದ್ದವು. ಮೂರು ಗಂಟೆ ಏನೂ ಇಲ್ಲ. ಆಮೇಲೆ ಒಂದು ಮಾತ್ರೆ ಹೊಟ್ಟೆ ಬಿರಿದುಕೊಂಡಿತು, ಇಡೀ ಡೋಸ್ ಒಂದೇ ಸಲ ನೀರಿಗೆ. ಅವತ್ತು ನನಗೆ ಒಂದು ವಿಷಯ ಚೆನ್ನಾಗಿ ತಲೆಗೆ ಹೋಯಿತು. ವಸ್ತುವಿಗೆ ಬುದ್ಧಿ ಇಲ್ಲ, ನಿಯತ್ತು ಮಾತ್ರ ಇದೆ. ನೀರು ಬಂದರೆ ಉಬ್ಬು ಅಂದರೆ ಉಬ್ಬುತ್ತದೆ, ತೂತು ಇದೆಯೋ ಇಲ್ಲವೋ ನೋಡುವುದಿಲ್ಲ.

ಇದು ಬರೀ ಲ್ಯಾಬಿನ ಕತೆಯಲ್ಲ. 1980ರ ದಶಕದ ಶುರುವಿನಲ್ಲಿ ಬ್ರಿಟನ್‌ನಲ್ಲಿ ಕೀಲುನೋವಿನ ಇಂಡೊಮೆಥಾಸಿನ್ ಔಷಧಿಯನ್ನು ಇದೇ ತಂತ್ರದಲ್ಲಿ ಮಾರಾಟಕ್ಕೆ ಬಿಟ್ಟರು. ಹೆಸರು ಆಸ್ಮೋಸಿನ್. ಕೆಲವರ ಕರುಳಿನಲ್ಲಿ ತೂತು ಬಿತ್ತು, ಸಾವುಗಳೂ ಆದವು. ಮಾತ್ರೆ ಕರುಳಿನ ಒಂದು ಕಡೆ ನಿಂತುಬಿಟ್ಟರೆ ಸುಡುವ ಔಷಧಿಯನ್ನು ಆ ಒಂದೇ ಜಾಗಕ್ಕೆ ಬಿಡುತ್ತಲೇ ಇರುತ್ತದೆ ಎಂಬ ಶಂಕೆ ಬಂತು. 1983ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು.

ಈಗ ನಿಮ್ಮ ಜೆಲ್ ವಿಷಯಕ್ಕೆ ಬರುವ ಮೊದಲು ಅಡುಗೆಮನೆಗೆ ಹೋಗೋಣ. ಪ್ರೆಶರ್ ಕುಕ್ಕರಿನ ಮುಚ್ಚಳ ನೋಡಿ. ಅದರಲ್ಲಿ ಎರಡು ಕಾವಲುಗಾರರಿದ್ದಾರೆ, ಇಬ್ಬರಿಗೂ ಕರೆಂಟು ಬೇಡ. ಒಂದು ವಿಷಲ್. ಒತ್ತಡ ಏರಿದರೆ ಏಳುತ್ತದೆ, ಇಳಿದರೆ ಕೂರುತ್ತದೆ, ಮತ್ತೆ ಏರಿದರೆ ಮತ್ತೆ ಏಳುತ್ತದೆ. ಇನ್ನೊಂದು ಸೇಫ್ಟಿ ವಾಲ್ವ್. ಬಿಸಿ ಮಿತಿ ಮೀರಿದರೆ ಅದರೊಳಗಿನ ಲೋಹ ಕರಗಿ ತೂತಾಗುತ್ತದೆ. ಒಂದೇ ಸಲ, ವಾಪಸ್ ಬರುವ ಮಾತಿಲ್ಲ. ಹೊಸದು ಹಾಕಿಸಬೇಕು.

ಬ್ಯಾಟರಿ ಇಲ್ಲದ ಔಷಧಿ ಸಾಧನಗಳಲ್ಲೂ ಇವೇ ಎರಡು ಬಗೆ. ಸೇಫ್ಟಿ ವಾಲ್ವ್ ಬಗೆಯವು ಗೆದ್ದಿವೆ. ವಿಷಲ್ ಬಗೆಯವು ಇನ್ನೂ ಒದ್ದಾಡುತ್ತಿವೆ. ನೀವು ಕೇಳಿದ ಜೆಲ್ ವಿಷಲ್ ಬಗೆಯದು.

ಗೆದ್ದವುಗಳಲ್ಲಿ ಮೊದಲನೆಯದು ಎಲ್ಲರ ಮನೆಯಲ್ಲೂ ಇದೆ. ಗ್ಯಾಸ್ಟ್ರಿಕ್‌ಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್. ಆ ಔಷಧಿ ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ಕೆಟ್ಟುಹೋಗುತ್ತದೆ. ಅದಕ್ಕೇ ಮೇಲೊಂದು ಪಾಲಿಮರ್ ಕೋಟು, ಅಂದರೆ ಉದ್ದನೆಯ ಎಳೆಯಂಥ ಅಣುಗಳ ಪದರ. ಹುಳಿಯಲ್ಲಿ ಆ ಕೋಟು ಕರಗುವುದಿಲ್ಲ. ಸಣ್ಣ ಕರುಳಿಗೆ ಇಳಿದಾಗ ಹುಳಿ ಕಮ್ಮಿ. ಆಗ ಪಾಲಿಮರ್ ಎಳೆಗಳು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ಒಂದನ್ನೊಂದು ದೂಡುತ್ತವೆ, ಕೋಟು ಬಿಚ್ಚಿಕೊಳ್ಳುತ್ತದೆ. ಸೆನ್ಸರ್, ಮೋಟಾರು, ಬಾಗಿಲು ಎಲ್ಲವೂ ಆ ಕೋಟೇ. ನಮ್ಮ ನೆಂಟರ ಮನೆಯಲ್ಲಿ ಅಜ್ಜಿಗೆ ನುಂಗಲು ಕಷ್ಟವೆಂದು ಇದನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕೊಡುತ್ತಿದ್ದರು. ತಿಂಗಳುಗಟ್ಟಲೆ! ಔಷಧಿ ಹಿಡಿಸುತ್ತಿಲ್ಲ ಎಂದು ಡಾಕ್ಟರನ್ನು ಬೈದದ್ದೂ ಆಯಿತು. ಪುಡಿ ಮಾಡಿದರೆ ಯಂತ್ರವನ್ನೇ ಒಡೆದ ಹಾಗೆ. ನಿಮ್ಮ ಅಮ್ಮನ ಮೆಟ್‌ಫಾರ್ಮಿನ್ ಎಸ್‌ಆರ್ ಕೂಡ ಅಷ್ಟೇ, ಅರೆಯಬೇಡಿ, ಅಗಿಯಬೇಡಿ. ಗಂಟಲಲ್ಲಿ ಇಳಿಯುತ್ತಿಲ್ಲ ಎಂದರೆ ಬೇರೆ ರೂಪದ ಔಷಧಿ ಕೇಳಿ.

ಈ ಕೋಟು ಯಾಕೆ ಇಷ್ಟು ನಂಬಿಕಸ್ತ? ಅದಕ್ಕೆ ಸಿಗುವ ಸೂಚನೆ ದೊಡ್ಡದು. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹೊಟ್ಟೆಯ ಪಿಎಚ್ 2ರ ಆಸುಪಾಸು, ಸಣ್ಣ ಕರುಳಿನದು 6ರ ಆಸುಪಾಸು ಎಂದಿಟ್ಟುಕೊಳ್ಳಿ. ಪಿಎಚ್‌ನಲ್ಲಿ ಒಂದೊಂದು ಅಂಕಿ ಅಂದರೆ ಹತ್ತು ಪಟ್ಟು. ನಾಲ್ಕು ಅಂಕಿ ಅಂದರೆ ಆಮ್ಲದಲ್ಲಿ 10,000 ಪಟ್ಟು ವ್ಯತ್ಯಾಸ. ಕುರುಡನಿಗೂ ಕಾಣುವಷ್ಟು ದೊಡ್ಡ ಗಡಿ. ಈ 10,000 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದೇ ಸಲದ ಉಪಾಯವನ್ನು ಈಗ ಇನ್ಸುಲಿನ್‌ಗೂ ಹಚ್ಚುತ್ತಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2019ರಲ್ಲಿ ಬಟಾಣಿ ಗಾತ್ರದ ಒಂದು ಕ್ಯಾಪ್ಸೂಲ್ ತೋರಿಸಿದರು. ಚಿರತೆಯಂಥ ಮಚ್ಚೆಯ ಚಿಪ್ಪಿರುವ ಒಂದು ಆಫ್ರಿಕಾದ ಆಮೆ ಇದೆ. ಅಂಗಾತ ಬಿದ್ದರೆ ತಾನೇ ಹೊರಳಿ ನೆಟ್ಟಗಾಗುತ್ತದೆ. ಕ್ಯಾಪ್ಸೂಲ್‌ನ ಆಕಾರ ಅದರಿಂದ ಕಲಿತದ್ದು. ಹೊಟ್ಟೆಯಲ್ಲಿ ಹೇಗೆ ಬಿದ್ದರೂ ಬುಡ ಕೆಳಗಾಗಿ ನಿಲ್ಲುತ್ತದೆ. ಒಳಗೆ ಒತ್ತಿ ಹಿಡಿದ ಸ್ಪ್ರಿಂಗು, ಅದರ ತುದಿಗೆ ಒಣಗಿಸಿದ ಇನ್ಸುಲಿನ್‌ನಿಂದಲೇ ಮಾಡಿದ ಮೊಳೆ. ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಸಕ್ಕರೆಯ ಒಂದು ಬಿಲ್ಲೆ, ಅಷ್ಟೇ. ಬಿಲ್ಲೆ ಕರಗಿತು, ಸ್ಪ್ರಿಂಗು ಹಾರಿತು, ಮೊಳೆ ಹೊಟ್ಟೆಯ ಗೋಡೆಗೆ ನಾಟಿತು. ಹಂದಿಗಳಲ್ಲಿ ಇದು ಕೆಲಸ ಮಾಡಿತು. ಬಿಲ್ಲೆ ಎಷ್ಟು ದಪ್ಪ ಎಂಬುದೇ ಇಲ್ಲಿ ಟೈಮರ್. ನನಗೆ ಈ ಸಕ್ಕರೆ ಬಿಲ್ಲೆ ಕಂಡರೆ ಹೊಟ್ಟೆಕಿಚ್ಚು, ಇಷ್ಟು ಸರಳ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು.

ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮೀರ್ ಇಮ್ರಾನ್ ಅವರ ರಾಣಿ ಕಂಪನಿಯ ಮಾತ್ರೆ ಇನ್ನೊಂದು ದಾರಿ ಹಿಡಿದಿದೆ. ಪ್ಯಾಂಟೊಪ್ರಜೋಲ್ ಥರದ್ದೇ ಕೋಟು ಕರುಳಿನಲ್ಲಿ ಕರಗುತ್ತದೆ. ಒಳಗೆ ಬೇರೆ ಬೇರೆ ಇಟ್ಟಿದ್ದ ಸಿಟ್ರಿಕ್ ಆಮ್ಲ ಮತ್ತು ಬೈಕಾರ್ಬನೇಟ್ ನೀರು ಸಿಕ್ಕ ಕೂಡಲೇ ಬೆರೆಯುತ್ತವೆ. ಈನೋ ಹಾಕಿದ ಇಡ್ಲಿ ಹಿಟ್ಟು ಉಕ್ಕುವುದು ಇದೇ ಅನಿಲದಿಂದ. ಆ ಅನಿಲ ಒಂದು ಪುಟ್ಟ ಬಲೂನನ್ನು ಉಬ್ಬಿಸುತ್ತದೆ, ಬಲೂನು ಕರಗುವ ಸೂಜಿಯನ್ನು ಕರುಳಿನ ಗೋಡೆಗೆ ಒತ್ತುತ್ತದೆ. ಕರುಳಿಗೆ ಚುಚ್ಚಿದ ನೋವು ಗೊತ್ತಾಗುವುದಿಲ್ಲ. ಇದು ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗಳವರೆಗೂ ಬಂದಿದೆ, ಬೇರೆ ಔಷಧಿಗಳೊಂದಿಗೆ.

ಗಮನಿಸಿ, ಇವು ಯಾವುವೂ ಅಮ್ಮನ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದಿಲ್ಲ. ಸೂಜಿಯನ್ನು ಚರ್ಮದಿಂದ ಹೊಟ್ಟೆಯೊಳಕ್ಕೆ ಸಾಗಿಸುತ್ತವೆ. ಎಷ್ಟು ಡೋಸ್, ಯಾವಾಗ ಎಂಬುದನ್ನು ಆಗಲೂ ಮನುಷ್ಯರೇ ತೀರ್ಮಾನಿಸಬೇಕು.

ಈಗ ವಿಷಲ್ ಬಗೆ. ನೀವು ಓದಿದ್ದು ಬಹುಶಃ ಜಪಾನಿನ ಕೆಲಸದ ಬಗ್ಗೆ. ಕಜುನೋರಿ ಕತಾವೋಕಾ ಅವರ ತಂಡ 1998ರಲ್ಲಿ ಗ್ಲೂಕೋಸ್‌ಗೆ ಸ್ಪಂದಿಸುವ ಜೆಲ್ ಮಾಡಿತು. ಅದರ ಮುಂದುವರಿಕೆಯಾಗಿ ಅಕಿರಾ ಮತ್ಸುಮೊಟೊ ಮತ್ತು ಜೊತೆಗಾರರು 2017ರಲ್ಲಿ ಅದನ್ನು ಇಲಿಗಳ ಮೈಯೊಳಗೆ ಇಟ್ಟು ತೋರಿಸಿದರು. ಜೆಲ್‌ನ ಎಳೆಗಳಿಗೆ ಫೀನೈಲ್ ಬೊರಾನಿಕ್ ಆಮ್ಲದ ತುಣುಕುಗಳನ್ನು ಕಟ್ಟಿರುತ್ತಾರೆ. ಗ್ಲೂಕೋಸ್ ಬಂದು ಅದಕ್ಕೆ ಅಂಟಿದರೆ ಅಲ್ಲಿ ವಿದ್ಯುತ್ ಆವೇಶ ಹುಟ್ಟುತ್ತದೆ, ನೀರು ಸೇರಿಕೊಳ್ಳುತ್ತದೆ, ಜೆಲ್ ಉಬ್ಬಿ ಇನ್ಸುಲಿನ್ ಹೊರಗೆ ಹರಿಯುತ್ತದೆ. ಗ್ಲೂಕೋಸ್ ಇಳಿದರೆ? ಹಾಲು ಕಾಯಿಸಿ ಇಟ್ಟರೆ ಕೆನೆ ಕಟ್ಟುತ್ತದಲ್ಲ, ಹಾಗೆ ಜೆಲ್‌ನ ಮೈ ನೀರು ಕಳೆದುಕೊಂಡು ಒಂದು ತೆಳು ಚರ್ಮ ಕಟ್ಟುತ್ತದೆ. ಬಾಗಿಲು ಮುಚ್ಚಿತು. ಮತ್ತೆ ಸಕ್ಕರೆ ಏರಿದರೆ ಚರ್ಮ ಕರಗುತ್ತದೆ. ಇಲಿಗಳಲ್ಲಿ ಇದು ಮೂರು ವಾರ ನಡೆಯಿತು. ಹಾಗಾಗಿ ನೀವು ಓದಿದ್ದು ಸುಳ್ಳಲ್ಲ. ಚಂದದ ಕೆಲಸ, ನಾನೂ ಓದಿ ಖುಷಿಪಟ್ಟಿದ್ದೇನೆ.

ಆದರೆ ಆ 10,000 ನೆನಪಿದೆಯಾ? ಇಲ್ಲಿ ಜೆಲ್‌ಗೆ ಸಿಗುವ ಸೂಚನೆ ಎಷ್ಟು ದೊಡ್ಡದು ನೋಡಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಮ್ಮನಿಗೆ ಬೆವರು, ನಡುಕ. ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು. ಊಟ ಆದ ಮೇಲೆ 210 ಇದೆ ಎಂದುಕೊಳ್ಳಿ. ಎರಡರ ನಡುವೆ ಮೂರೇ ಪಟ್ಟು. 210ರಲ್ಲಿ ಬಾಗಿಲು ಪೂರ್ತಿ ತೆರೆದಿರಬೇಕು, 70ರಲ್ಲಿ ಹನಿಯೂ ಸೋರದಂತೆ ಮುಚ್ಚಿರಬೇಕು. ಮಾತ್ರೆಯ ಕೋಟಿಗೆ ಹಗಲು ರಾತ್ರಿಯ ವ್ಯತ್ಯಾಸ ಗೊತ್ತಾದರೆ ಸಾಕಿತ್ತು. ಜೆಲ್‌ಗೆ ಮೂರು ಗಂಟೆಯ ಬಿಸಿಲು ಯಾವುದು, ಐದು ಗಂಟೆಯ ಬಿಸಿಲು ಯಾವುದು ಎಂದು ಗೊತ್ತಾಗಬೇಕು.

ಅದಕ್ಕೂ ದೊಡ್ಡ ತೊಡಕು ಮುಚ್ಚುವ ಹೊತ್ತಿನದು. ತೆರೆಯುವುದು ಅರ್ಧ ಗಂಟೆ ತಡವಾದರೆ ಸಕ್ಕರೆ ಸ್ವಲ್ಪ ಜಾಸ್ತಿ ಏರುತ್ತದೆ, ಅಷ್ಟೇ. ಮುಚ್ಚುವುದು ಅರ್ಧ ಗಂಟೆ ತಡವಾದರೆ ರಾತ್ರಿ ಎರಡು ಗಂಟೆಗೆ ಅಮ್ಮನ ಸಕ್ಕರೆ ಪಾತಾಳಕ್ಕೆ. ಬಾಗಿಲು ಸರಿಯಾಗಿ ಮುಚ್ಚಿದರೂ ಆಗಲೇ ಹೊರಬಿದ್ದ ಇನ್ಸುಲಿನ್ ವಾಪಸ್ ಬರುವುದಿಲ್ಲ. ಚರ್ಮದಡಿ ಹಾಕಿದ ಅತಿ ವೇಗದ ಇನ್ಸುಲಿನ್ ಕೂಡ ಮೂರರಿಂದ ಐದು ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಮೈಯೊಳಗೆ ಇಟ್ಟ ವಸ್ತುವಿನ ಸುತ್ತ ದೇಹ ನಾರಿನ ಗೋಡೆ ಕಟ್ಟುವುದೂ ಉಂಟು. ಆಗ ಗ್ಲೂಕೋಸ್ ಒಳಗೆ ತಲುಪುವುದೇ ತಡ. ಇಷ್ಟು ಸಾಲದು ಎಂಬಂತೆ ಬೊರಾನಿಕ್ ಆಮ್ಲ ಗ್ಲೂಕೋಸ್ ಒಂದನ್ನೇ ಹಿಡಿಯುವುದಿಲ್ಲ, ಹಣ್ಣಿನ ಸಕ್ಕರೆ ಫ್ರಕ್ಟೋಸ್ ಸಿಕ್ಕರೂ ಅಪ್ಪಿಕೊಳ್ಳುತ್ತದೆ. ಅದನ್ನು ಬಿಟ್ಟು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಬಳಸುವವರಿದ್ದಾರೆ. ಅದಕ್ಕೆ ಆಮ್ಲಜನಕ ಬೇಕು, ಕೆಲಸದ ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕಸ ಉಳಿಯುತ್ತದೆ.

ಈ ಕನಸು ಹೊಸದೂ ಅಲ್ಲ. ಸಕ್ಕರೆ ನೋಡಿ ಇನ್ಸುಲಿನ್ ಬಿಡುವ ಉಪಾಯವನ್ನು ಬ್ರೌನ್‌ಲೀ ಮತ್ತು ಸೆರಾಮಿ 1979ರಲ್ಲೇ ಪ್ರಕಟಿಸಿದ್ದರು, ಜ್ಯಾಕ್ ಬೀನ್ ಎಂಬ ಕಾಳಿನ ಒಂದು ಪ್ರೋಟೀನ್ ಬಳಸಿ. ಎಂಐಟಿಯಲ್ಲಿ ಹುಟ್ಟಿದ ಸ್ಮಾರ್ಟ್‌ಸೆಲ್ಸ್ ಎಂಬ ಕಂಪನಿಯನ್ನು 2010ರಲ್ಲಿ ಮರ್ಕ್ ಎಂಬ ಔಷಧಿ ಕಂಪನಿ ಕೊಂಡುಕೊಂಡಿತು. ಅಲ್ಲಿಂದ ಬಂದ ಇನ್ಸುಲಿನ್ ಮನುಷ್ಯರ ಪರೀಕ್ಷೆಯವರೆಗೆ ಹೋಯಿತು, ಸಾಕಷ್ಟು ಪರಿಣಾಮ ಕಾಣದೆ ನಿಂತಿತು. 2024ರಲ್ಲಿ ನೋವೋ ನಾರ್ಡಿಸ್ಕ್ ಎಂಬ ಔಷಧಿ ಕಂಪನಿ ಇಂಥದ್ದೇ ಇನ್ನೊಂದು ಇನ್ಸುಲಿನ್ ಬಗ್ಗೆ ಪ್ರಕಟಿಸಿದೆ. ಅದರಲ್ಲಿ ಜೆಲ್ ಇಲ್ಲ, ಬಾಗಿಲನ್ನು ಇನ್ಸುಲಿನ್ ಅಣುವಿಗೇ ಕಟ್ಟಿದ್ದಾರೆ. ಗ್ಲೂಕೋಸ್ ಕಮ್ಮಿಯಿದ್ದಾಗ ಅಣು ಮುದುಡಿಕೊಂಡು ಕೆಲಸ ಕಮ್ಮಿ ಮಾಡುತ್ತದೆ. ಪ್ರಕಟವಾದ ಫಲಿತಾಂಶ ಇಲಿ ಮತ್ತು ಹಂದಿಗಳದ್ದು. ನನ್ನ ಕೇಳಿದರೆ ಜೆಲ್‌ಗಿಂತ ಈ ದಾರಿಯ ಮೇಲೆ ನಂಬಿಕೆ ಜಾಸ್ತಿ. ಯಾಕೆಂದರೆ ಇಲ್ಲಿ ಹೊರಬಿದ್ದ ಇನ್ಸುಲಿನ್ನೂ ಸಕ್ಕರೆಯ ಮಾತು ಕೇಳುತ್ತದೆ.

ಬ್ಯಾಟರಿ ಇಲ್ಲದ್ದು ಅಂದರೆ ಕೆಡುವುದಿಲ್ಲ ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತಿದೆ. ಅದರ ಬಗ್ಗೆ ಒಂದು ಮಾತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಂದು ಪಂಪ್ ಮೇಲೆ ನನಗೆ ತುಂಬ ಪ್ರೀತಿ. ಚರ್ಮದಡಿ ಇಡುವ ಲೋಹದ ಡಬ್ಬಿ. ಒಳಗೆ ಹಾರ್ಮೋನಿಯಂ ತಿದಿಯಂಥ ಲೋಹದ ಮಡಿಕೆ. ಒಂದು ಕಡೆ ಔಷಧಿ, ಇನ್ನೊಂದು ಕಡೆ ಹಳೇ ಫ್ರಿಜ್‌ಗಳಲ್ಲಿ ಇರುತ್ತಿತ್ತಲ್ಲ, ಆ ಜಾತಿಯ ದ್ರವ. ಮೈ ಬಿಸಿಗೆ ಅದು ಆವಿಯಾಗಿ ತಿದಿಯನ್ನು ಒತ್ತುತ್ತದೆ, ಔಷಧಿ ಹರಿಯುತ್ತದೆ. ಖಾಲಿಯಾದಾಗ ಸೂಜಿಯಿಂದ ಔಷಧಿ ತುಂಬಿದರೆ ಆವಿ ಒತ್ತಿ ಮತ್ತೆ ದ್ರವವಾಗುತ್ತದೆ. ತುಂಬಿಸುವುದೇ ಚಾರ್ಜಿಂಗ್! ಆದರೆ ರೋಗಿಗೆ ಜ್ವರ ಬಂದರೆ ಔಷಧಿ ವೇಗವಾಗಿ ಹರಿಯುತ್ತದೆ, ವಿಮಾನ ಹತ್ತಿದರೂ ವೇಗ ಬದಲಾಗುತ್ತದೆ. ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕೀಮೋ ಔಷಧಿ ತುಂಬಿದ ಬಲೂನ್ ಬಾಟಲಿಯನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. 46 ಗಂಟೆ ಆ ರಬ್ಬರ್ ಬಲೂನೇ ಔಷಧಿಯನ್ನು ತಳ್ಳುತ್ತದೆ. ಅದರ ಸಣ್ಣ ಕೊಳವೆಯನ್ನು ಚರ್ಮಕ್ಕೆ ಅಂಟಿಸಿಯೇ ಇರಬೇಕು ಎಂದು ನರ್ಸ್ ಪದೇ ಪದೇ ಹೇಳುವುದು ಸುಮ್ನೆ ಅಲ್ಲ. ಬಿಸಿ ಬದಲಾದರೆ ಹರಿವು ಬದಲಾಗುತ್ತದೆ. ಕೊಳವೆಯಲ್ಲಿ ಹರಿವು ನಿಂತುಹೋದರೆ ಎಲೆಕ್ಟ್ರಾನಿಕ್ ಪಂಪ್ ಬೀಪ್ ಅನ್ನುತ್ತದೆ. ಬಲೂನು ಮಾತಾಡುವುದಿಲ್ಲ.

ಹಾಗಾಗಿ ಕಾಯಬಹುದೇ ಎಂದರೆ, ಬೇಡ. ಈ ಜೆಲ್ ನೆಚ್ಚಿಕೊಂಡು ಅಮ್ಮನ ಈಗಿನ ಚಿಕಿತ್ಸೆಯಲ್ಲಿ ಏನನ್ನೂ ಸಡಿಲ ಮಾಡಬೇಡಿ. ಜೆಲ್ ಹೆಸರಿನಲ್ಲಿ ಯಾರಾದರೂ ಪ್ಯಾಚ್, ಪಟ್ಟಿ ಮಾರಲು ಬಂದರೆ ದುಡ್ಡು ಕೊಡಬೇಡಿ. ಅದರ ಬದಲು ಡಾಕ್ಟರ ಹತ್ತಿರ ಒಂದು ವಿಷಯ ವಿಚಾರಿಸಿ. ದಿನಕ್ಕೆ ಮೂರು ಚುಚ್ಚನ್ನು ಕಮ್ಮಿ ಮಾಡುವ ದಾರಿ ಅಮ್ಮನಿಗೆ ಇದೆಯೇ ಎಂದು. ವಾರಕ್ಕೊಮ್ಮೆ ಚುಚ್ಚುವ ಐಕೊಡೆಕ್ ಇನ್ಸುಲಿನ್‌ಗೆ 2024ರಲ್ಲಿ ಯೂರೋಪ್‌ನಲ್ಲಿ ಅನುಮತಿ ಸಿಕ್ಕಿದೆ. ಅದರಲ್ಲೂ ಬ್ಯಾಟರಿ ಇಲ್ಲ. ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಳ್ಳುತ್ತದೆ. ಅದು ಊಟದ ಇನ್ಸುಲಿನ್‌ಗೆ ಬದಲಿಯಲ್ಲ, ದಿನಪೂರ್ತಿಯ ಇನ್ಸುಲಿನ್‌ಗೆ ಬದಲಿ. ಈಗಿನ ಚುಚ್ಚಿಗೆ ಸೂಜಿ ಉದ್ದ ಇದ್ದರೆ 4 ಮಿಲಿಮೀಟರ್ ಸೂಜಿ ಕೇಳಿ, ನೋವು ಎಷ್ಟೋ ಕಮ್ಮಿ.

ಇನ್ನು ಕರೆಂಟು ಹೋಗುವ ಚಿಂತೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬಳಸುತ್ತಿರುವುದು ಸಾಮಾನ್ಯವಾಗಿ ನಾಲ್ಕು ವಾರ ಹೊರಗಿರಬಹುದು, ತೀರಾ ಸೆಕೆ ಇಲ್ಲದಿದ್ದರೆ. ನಿಮ್ಮ ಬಾಟಲಿಯ ಚೀಟಿಯಲ್ಲಿ ಎಷ್ಟು ದಿನ ಎಂದು ಬರೆದಿರುತ್ತದೆ, ನೋಡಿಕೊಳ್ಳಿ. ಫ್ರಿಜ್ ಕೈಕೊಟ್ಟ ದಿನಕ್ಕೆ ಮಣ್ಣಿನ ಮಡಕೆ ಸಾಕು. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಸಣ್ಣದರೊಳಗೆ ಡಬ್ಬಿಯಲ್ಲಿ ಇನ್ಸುಲಿನ್, ಮೇಲೊಂದು ಒದ್ದೆ ಬಟ್ಟೆ. ಗಾಳಿಯಾಡುವ ಕಡೆ ಇಡಿ, ಬೀರುವಿನೊಳಗೆ ಬೇಡ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಮಡಕೆ ಅಷ್ಟು ತಂಪಾಗುವುದಿಲ್ಲ, ಮತ್ತೆ ಅದನ್ನು ಅದು ಹೇಳುವುದೂ ಇಲ್ಲ. ಒಳಗೊಂದು ಸಣ್ಣ ಥರ್ಮಾಮೀಟರ್ ಇಟ್ಟುಬಿಡಿ.